ಗೆಳೆಯರು ಹೊಸ ಗಾಡಿಯನ್ನು ಆಡಿಕೊಳ್ಳುತ್ತಾರೆ, ಅಪ್ಪನ ಜೀಪು ಮಾರಿದ್ದು ತಪ್ಪಾಯಿತೇ?

ಪ್ರಶ್ನೆ: ನನಗೆ 39 ವರ್ಷ. ತ್ಯಾವರೆಕೊಪ್ಪದ ಹತ್ತಿರ ಮನೆ, ಮೂರು ಎಕರೆ ಅಡಿಕೆ ತೋಟ, ಶಿವಮೊಗ್ಗದಲ್ಲಿ ಪಾಲಿನ ಮೇಲೆ ಒಂದು ಗೊಬ್ಬರದ ಅಂಗಡಿ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅವರ ಹಳೆಯ ಮಹೀಂದ್ರ ಜೀಪನ್ನು ನಾನೇ ಓಡಿಸುತ್ತಿದ್ದೆ. ತೋಟದ ದಾರಿ ಬರೀ ಕೆಸರಾಗಿದ್ದ ಕಾಲದಲ್ಲಿ, ಅಡಿಕೆ ಮೂಟೆ ರಸ್ತೆಗೆ ಸಾಗಿಸಲಾಗದೆ ಅವರು ಸಾಲ ಮಾಡಿ ಕೊಂಡಿದ್ದ ಜೀಪು ಅದು. ಶಿವಮೊಗ್ಗ, ಭದ್ರಾವತಿ, ಆಯನೂರಿನ ನಾವು ಕೆಲವರು ಭಾನುವಾರ ಜೀಪು, ಜಿಪ್ಸಿ ತೆಗೆದುಕೊಂಡು ಗುಡ್ಡ, ಕೆಸರು ಅಂತ ಹೋಗುತ್ತೇವೆ. ವಾರವಿಡೀ ದುಡಿದವನಿಗೆ ಅದೊಂದೇ ಖುಷಿ.

ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿ ಜೀಪು ಹತ್ತಲು ಆಗುತ್ತಿರಲಿಲ್ಲ. ಮಗಳಿಗೆ ಆರು ವರ್ಷ. ಹೆಂಡತಿಯ ಜೊತೆ ಕೂತು ಯೋಚಿಸಿ ಕಳೆದ ದಸರಾಕ್ಕೆ ಮುಂಚೆ ಜೀಪನ್ನು ಭದ್ರಾವತಿಯವರೊಬ್ಬರಿಗೆ ಮಾರಿ, ಸಾಲದ ಮೇಲೆ ಹೊಸ ಎಸ್‌ಯುವಿ ತಂದೆ. ಫೋರ್ ವೀಲ್ ಇಲ್ಲ, ಸನ್‌ರೂಫ್ ಇದೆ. ಆಯುಧಪೂಜೆಯ ದಿನ ಅದರ ಮುಂದೆ ಬೂದುಗುಂಬಳ ಒಡೆಯುವಾಗ ಯಾಕೋ ಕೈ ನಡುಗಿತು.

ಗೆಳೆಯರು ಅದಕ್ಕೆ ‘ಮದುವೆ ಮನೆ ಗಾಡಿ’ ಅಂತ ಹೆಸರಿಟ್ಟರು. ಈ ಸಲದ ಮೊದಲ ಮಳೆಗೆ ಒಂದು ಏರಿನಲ್ಲಿ ಗಾಡಿ ಸಿಕ್ಕಿಕೊಂಡಿತು. ಹಗ್ಗ ಕಟ್ಟಿ ಎಳೆದರು, ವಿಡಿಯೋ ಮಾಡಿ ಗ್ರೂಪಿಗೆ ಹಾಕಿದರು. ಒಬ್ಬ, ‘ನಿಮ್ಮಪ್ಪ ಇದ್ದಿದ್ರೆ ಇದನ್ನ ಕೊಟ್ಟಿಗೆ ಹತ್ರಕ್ಕೂ ಸೇರಿಸ್ತಿರ್ಲಿಲ್ಲ’ ಅಂದ. ಅವತ್ತಿನಿಂದ ನಿದ್ದೆ ಸರಿಯಾಗಿಲ್ಲ. ಸುಮ್ಮಸುಮ್ಮನೆ ಹೆಂಡತಿಯ ಮೇಲೆ ರೇಗುತ್ತೇನೆ. ದಪ್ಪ ಟೈರು, ಮುಂದೆ ಕಬ್ಬಿಣದ ಗಾರ್ಡು ಹಾಕಿಸೋಣವೇ, ನಷ್ಟವಾದರೂ ಮಾರಿ ಜೀಪನ್ನೇ ವಾಪಸು ತರೋಣವೇ ಅಂತ ತಲೆಯಲ್ಲಿ ಅದೇ ಓಡುತ್ತದೆ. ಮೊನ್ನೆ ಜೋರು ಮಳೆಯಲ್ಲಿ ಇದೇ ಗಾಡಿಯಲ್ಲಿ ಹಳ್ಳ ದಾಟಿ ತೋರಿಸಬೇಕು ಅನ್ನಿಸಿ ನೀರಿನ ಅಂಚಿನವರೆಗೂ ಹೋದೆ. ಹಿಂದೆ ಮಗಳು ಕೂತಿದ್ದಳು. ‘ಅಪ್ಪಾ, ಬೇಡ’ ಅಂದಳು. ತಿರುಗಿಸಿಕೊಂಡು ಬಂದೆ. ಇಷ್ಟು ಸಣ್ಣ ವಿಷಯಕ್ಕೆ ಪತ್ರ ಬರೆಯುತ್ತಿದ್ದೇನೆ, ನಗಬೇಡಿ. ನಾನು ತಪ್ಪು ಮಾಡಿದೆನೇ?

– ಹೆಸರು ಬೇಡ, ಶಿವಮೊಗ್ಗ ತಾಲ್ಲೂಕು

ಉತ್ತರ: ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಬೇರೆಯವರ ಕಣ್ಣಿಗೆ ಇದು ಗಾಡಿಯ ಜಗಳ. ನಿಮಗೆ ಮಾತ್ರ, ವಾರಕ್ಕೊಮ್ಮೆ ಮನಸ್ಸು ಬಿಚ್ಚಿ ನಗುತ್ತಿದ್ದ ಜಾಗದಲ್ಲೇ ನಗೆಪಾಟಲಾದ ನೋವು. ಅಪರಿಚಿತರು ಆಡಿಕೊಂಡರೆ ಒಂದು ದಿನದಲ್ಲಿ ಮರೆಯುತ್ತೇವೆ. ನಮ್ಮವರು ಎಂದುಕೊಂಡವರು ಆಡಿಕೊಂಡಾಗ ಅದು ಊಟಕ್ಕೆ ಕೂತಾಗಲೂ, ಮಲಗಿದಾಗಲೂ ಬೆನ್ನು ಬಿಡುವುದಿಲ್ಲ. ಆಡಿದ ಮಾತು ಒಂದು ಕ್ಷಣಕ್ಕೆ ಮುಗಿಯುತ್ತಿತ್ತು. ವಿಡಿಯೋ ಹಾಗಲ್ಲ, ಮತ್ತೆ ಮತ್ತೆ ನೋಡಬಹುದು. ನಿಮಗೆ ನಿದ್ದೆ ಬಾರದಿರುವುದು ಸಹಜ.

ನಿಮ್ಮ ಪತ್ರವನ್ನು ನಿಧಾನವಾಗಿ ಓದಿದರೆ ಅದರಲ್ಲಿ ಎರಡು ಸಂಕಟಗಳು ಕಾಣುತ್ತವೆ. ಒಂದು ಗಾಡಿಯದು: ನೋಡಲು ಚೆಂದದ ಹೊಸ ಎಸ್‌ಯುವಿಯೋ, ಒರಟಾದರೂ ಕೆಲಸಕ್ಕೆ ಬರುವ ಜೀಪೋ ಎಂಬ ವಾದ. ಇನ್ನೊಂದು ಅಪ್ಪನದು. ಇವೆರಡೂ ಒಂದೇ ಹಗ್ಗದಲ್ಲಿ ಗಂಟು ಬಿದ್ದಿವೆ, ನೀವು ಒಂದನ್ನು ಎಳೆದಷ್ಟೂ ಇನ್ನೊಂದು ಬಿಗಿಯುತ್ತಿದೆ. ಬಿಡಿಸಿ ನೋಡೋಣ.

ಗಾಡಿಯ ವಿಷಯದಲ್ಲಿ ನಿಮ್ಮ ಗೆಳೆಯರು ಹೇಳುವುದರಲ್ಲಿ ಸತ್ಯವಿದೆ. ಅದನ್ನು ಒಪ್ಪಿಕೊಂಡರೆ ನಿಮ್ಮ ಮನಸ್ಸಿಗೇ ಹಗುರ. ಗಟ್ಟಿ ಚಾಸಿಯ ಮೇಲೆ ಕೂರಿಸಿದ ಬಾಡಿ, ನಾಲ್ಕೂ ಚಕ್ರಕ್ಕೆ ಎಳೆತ, ಆಮೆ ವೇಗದಲ್ಲೂ ಬಲ ಬಿಡದ ಲೋ ಗೇರು ಇವು ಕೆಸರಿನಲ್ಲಿ, ಬಂಡೆಯ ಮೇಲೆ ನಿಜಕ್ಕೂ ಬೇಕು. ಕೊಲ್ಲೂರಿನಿಂದ 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಯಾತ್ರಿಕರನ್ನು ಹತ್ತಿಸುವ ಚಾಲಕರು ಇವತ್ತಿಗೂ ಜೀಪನ್ನೇ ನೆಚ್ಚಿಕೊಂಡಿರುವುದು ಹಳೆಯದರ ಮೇಲಿನ ಮೋಹದಿಂದಲ್ಲ. ಆ ದಾರಿಯಲ್ಲಿ ಅದು ಹತ್ತುತ್ತದೆ, ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ರಿಪೇರಿ ಮಾಡುತ್ತಾನೆ, ದಿನದ ದುಡಿಮೆ ನಿಲ್ಲುವುದಿಲ್ಲ. ಹೊಸ ಗಾಡಿಗಳಲ್ಲಿ ಪರದೆ ದೊಡ್ಡದಾಗುತ್ತಾ ಹೋಗಿ, ಹಳ್ಳದ ದಾರಿಯಲ್ಲಿ ಬೇಕಾದದ್ದು ಕಡಿಮೆಯಾಗುತ್ತಿದೆ ಎಂಬ ಅವರ ಕೊರಗು ಪೊಳ್ಳಲ್ಲ.

ಆ ಕೊರಗು ನಮ್ಮ ಜಿಲ್ಲೆಯದ್ದಷ್ಟೇ ಅಲ್ಲ. ಅಮೆರಿಕದ ಜೀಪ್ ರಾಂಗ್ಲರ್ 1986ರಲ್ಲಿ ಬಂದಾಗ ಹಳೆಯ ಜೀಪುಗಳ ದುಂಡು ದೀಪದ ಬದಲು ಅದಕ್ಕೆ ಚೌಕ ದೀಪವಿತ್ತು. ಅಷ್ಟಕ್ಕೇ ಜೀಪಿನ ಅಭಿಮಾನಿಗಳು ಮುನಿಸಿಕೊಂಡರು. ಮುಂದಿನ ರಾಂಗ್ಲರ್‌ನಲ್ಲಿ ಕಂಪನಿ ದುಂಡು ದೀಪವನ್ನೇ ವಾಪಸು ತಂದಿತು. ಬ್ರಿಟನ್ನಿನ ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ನ ತಯಾರಿಕೆ 2016ರ ಜನವರಿಯಲ್ಲಿ ನಿಂತು, 2019ರಲ್ಲಿ ಹೊಸ ಮೈಕಟ್ಟಿನ ಡಿಫೆಂಡರ್ ಬಂದಾಗಲೂ ‘ಇದು ನಮ್ಮ ಗಾಡಿಯಲ್ಲ’ ಎಂದವರು ಬಹಳ. ಜನ ಗಾಡಿಯ ರೂಪವನ್ನು ಇಷ್ಟು ಹಚ್ಚಿಕೊಳ್ಳುತ್ತಾರೆ. ಅದರಲ್ಲಿ ತಮ್ಮ ಪ್ರಾಯ, ತಮ್ಮ ಧೈರ್ಯ, ತಾವು ಯಾರು ಎಂಬುದನ್ನು ಕಾಣುತ್ತಾರೆ. ನೀವು ಗಾಡಿ ಬದಲಿಸಿದಾಗ ನಿಮ್ಮ ಗುಂಪಿಗೂ ಒಳಗೊಳಗೇ ಅಳುಕಾಗಿರಬಹುದು: ಇವತ್ತು ಇವನು, ನಾಳೆ ನಾನು. ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಅವರಿಗೂ ಇದ್ದಾರಲ್ಲ. ಗೇಲಿಯ ಹಿಂದೆ ಎಷ್ಟೋ ಸಲ ಇಂಥ ಅಳುಕಿರುತ್ತದೆ. ಹಾಗೆಂದು ಗೇಲಿ ಸರಿ ಎನ್ನುತ್ತಿಲ್ಲ. ಅವರು ನಿಮ್ಮ ಶತ್ರುಗಳಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ಮಾತನ್ನೂ ಯೋಚಿಸಿ. ಒರಟುತನವೂ ಈಗ ಒಂದು ಅಲಂಕಾರ. ಎರಡನೇ ಮಹಾಯುದ್ಧಕ್ಕೆಂದು 1941ರಿಂದ ತಯಾರಾದ ವಿಲ್ಲೀಸ್ ಜೀಪಿಗೆ ಚಪ್ಪಟೆ ಮಡ್‌ಗಾರ್ಡು, ಮಡಚುವ ಗಾಜು ಬಂದದ್ದು ಚೆಂದಕ್ಕಲ್ಲ. ಬೇಗ ತಯಾರಾಗಬೇಕಿತ್ತು, ಹಡಗಿನಲ್ಲಿ ಕಡಿಮೆ ಜಾಗದಲ್ಲಿ ಹಿಡಿಯಬೇಕಿತ್ತು. ಯುದ್ಧ ಮುಗಿದ ಮೇಲೆ ಮಹೀಂದ್ರದವರು ವಿಲ್ಲೀಸ್ ಜೀಪನ್ನೇ ನಮ್ಮಲ್ಲಿ ಜೋಡಿಸಲು ಶುರುಮಾಡಿದರು. ಇವತ್ತು ಅದೇ ಮೈಕಟ್ಟನ್ನು ಜನ ಚೆಂದಕ್ಕಾಗಿಯೇ ಕೊಳ್ಳುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಬಂದ ಮಹೀಂದ್ರದ ಹೊಸ ಥಾರ್ 650 ಮಿಲಿಮೀಟರ್ ನೀರಿನಲ್ಲಿ ಇಳಿಯಬಲ್ಲದು, ನೆಲದಿಂದ 226 ಮಿಲಿಮೀಟರ್ ಎತ್ತರವಿದೆ. ಆದರೆ 2023ರಲ್ಲಿ ಅದೇ ಥಾರ್ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತವಿರುವ ಮಾದರಿಯಲ್ಲೂ ಬಂತು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಎಷ್ಟೋ ಜನಕ್ಕೆ ವ್ಯತ್ಯಾಸ ತಿಳಿಯದು. ಅದೇ ವರ್ಷ ಜಿಮ್ನಿ ಎಂಬ ಪುಟ್ಟ ಎಸ್‌ಯುವಿ ನಮ್ಮಲ್ಲಿ ಐದು ಬಾಗಿಲಿನೊಂದಿಗೆ ಬಂತು, 2024ರಲ್ಲಿ ಥಾರ್‌ಗೂ ಐದು ಬಾಗಿಲಾಯಿತು. ಮೂರು ಬಾಗಿಲಿನ ಗಾಡಿಗೆ ಹಿಂದೆ ಹತ್ತಿ ಕೂರಲಾಗದ ಅಮ್ಮಂದಿರು, ಮಕ್ಕಳು ಎಲ್ಲರ ಮನೆಯಲ್ಲೂ ಇದ್ದಾರೆ ಎಂಬುದು ಕಂಪನಿಗಳಿಗೂ ಗೊತ್ತು. ನೀವು ಮಾಡಿದ್ದೂ ಅದೇ ಲೆಕ್ಕ.

ಆ ವಿಡಿಯೋದ ವಿಷಯಕ್ಕೆ ಬರೋಣ. ಏರು ಹತ್ತುವಾಗ ಗಾಡಿಯ ಭಾರ ಹಿಂದಕ್ಕೆ ಸರಿಯುತ್ತದೆ. ಫೋರ್ ವೀಲ್ ಇಲ್ಲದ ಇಂದಿನ ಬಹುತೇಕ ಎಸ್‌ಯುವಿಗಳನ್ನು ಎಳೆಯುವುದು ಮುಂದಿನ ಚಕ್ರ. ಅದು ಹಗುರಾಗಿ ಹಿಡಿತ ಬಿಡುತ್ತದೆ. ಡಾಂಬರು ರಸ್ತೆಗೆಂದು ಮಾಡಿದ ಟೈರಿನ ಗೀರುಗಳಲ್ಲಿ ಜಿಗುಟು ಮಣ್ಣು ತುಂಬಿದರೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಅವತ್ತು ನಡೆದದ್ದು ಬಹುಶಃ ಇಷ್ಟೇ. ಆ ಏರಿಗೆ ಆ ಗಾಡಿ ಹೇಳಿ ಮಾಡಿಸಿದ್ದಲ್ಲ. ನಿಮ್ಮ ಚಾಲನೆಗಾಗಲೀ ನಿಮ್ಮ ಗಂಡಸುತನಕ್ಕಾಗಲೀ ಅದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಈಗ ಅಪ್ಪನ ವಿಷಯ. ‘ಮದುವೆ ಮನೆ ಗಾಡಿ’ ಎಂದಾಗ ನೀವು ನಕ್ಕು ಸುಮ್ಮನಾಗಿದ್ದೀರಿ. ‘ನಿಮ್ಮಪ್ಪ ಇದ್ದಿದ್ರೆ’ ಎಂದಾಗ ಮಾತ್ರ ನಿದ್ದೆ ಹೋಯಿತು. ಆ ಮಾತಿಗೆ ಮುಂಚೆಯೇ, ಆಯುಧಪೂಜೆಯ ದಿನ, ನಿಮ್ಮ ಕೈ ನಡುಗಿತ್ತು. ಆಗ ಯಾರೂ ನಿಮ್ಮನ್ನು ಆಡಿಕೊಂಡಿರಲಿಲ್ಲ. ಜೀಪು ಹೋದಾಗ ಅಪ್ಪ ಇನ್ನೊಮ್ಮೆ ಹೋದ ಹಾಗೆ ನಿಮಗೆ ಅನ್ನಿಸಿರಬಹುದು. ಲೋನು, ಆರ್‌ಸಿ, ಅಂಗಡಿ, ತೋಟ ಇವುಗಳ ನಡುವೆ ಆ ದುಃಖಕ್ಕೆ ನೀವು ಜಾಗ ಕೊಡಲಿಲ್ಲ. ಗೆಳೆಯ ಗೊತ್ತಿಲ್ಲದೆ ಅಲ್ಲಿಗೇ ಕೈಯಿಟ್ಟ.

ನಿಮ್ಮ ಪತ್ರದಲ್ಲೇ ಉತ್ತರ ಇದೆ. ಅಪ್ಪ ಜೀಪು ಕೊಂಡದ್ದು ಭಾನುವಾರ ಗುಡ್ಡ ಹತ್ತಲಿಕ್ಕಲ್ಲ, ಕೆಸರು ದಾರಿಯಲ್ಲಿ ಅಡಿಕೆ ಮೂಟೆ ಹೊರಲಿಕ್ಕೆ. ಅವರ ಕಾಲದಲ್ಲಿ ಮನೆಗೆ ಏನು ಬೇಕಿತ್ತೋ ಅದನ್ನು ಸಾಲ ಮಾಡಿಯಾದರೂ ತಂದರು. ಇವತ್ತು ನಿಮ್ಮ ಮನೆಗೆ ಬೇಕಾದದ್ದು ಅಮ್ಮ ಮಂಡಿ ಎತ್ತದೆ ಹತ್ತಿ ಕೂರುವಂಥ ಸೀಟು, ಮಗಳಿಗೆ ಬೆಲ್ಟು, ಏರ್‌ಬ್ಯಾಗು. ನೀವೂ ಸಾಲ ಮಾಡಿ ತಂದಿರಿ. ಅಪ್ಪ ಮಾಡಿದ್ದನ್ನೇ ನೀವೂ ಮಾಡಿದ್ದೀರಿ, ಗಾಡಿ ಮಾತ್ರ ಬೇರೆ. ನೀವು ತಪ್ಪು ಮಾಡಿದ್ದೀರಿ ಎಂದು ನನಗೆ ಅನ್ನಿಸುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಖಡಕ್ಕಾಗಿಯೇ ಹೇಳಬೇಕು. ಹಳ್ಳದ ಅಂಚಿನವರೆಗೆ ಹೋದದ್ದು ಇನ್ನೊಮ್ಮೆ ಆಗಕೂಡದು. ಒಂದಡಿ ಆಳದ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಿಕೊಂಡು ಹೋಗಬಲ್ಲದು, ಎರಡಡಿ ನೀರಿಗೆ ದೊಡ್ಡ ಗಾಡಿಗಳೂ ನಿಲ್ಲುವುದಿಲ್ಲ. ಕೆಂಪು ನೀರಿನ ಅಡಿಯಲ್ಲಿ ದಾರಿ ಇದೆಯೋ ಕೊಚ್ಚಿ ಹೋಗಿದೆಯೋ ಕಾಣುವುದಿಲ್ಲ. ಇದು ಫೋರ್ ವೀಲ್ ಜೀಪಿಗೂ ಅಷ್ಟೇ ನಿಜ. ಶೆಟ್ಟಿಹಳ್ಳಿ ಅಭಯಾರಣ್ಯ ನಿಮಗೆ ಹತ್ತಿರವೇ ಇದೆ; ಅನುಮತಿಯಿಲ್ಲದೆ ಕಾಡಿನ ದಾರಿಗೆ ಗಾಡಿ ಇಳಿಸುವುದು ಅಪರಾಧ ಎಂಬುದನ್ನೂ ನಿಮ್ಮ ಗುಂಪು ನೆನಪಿಡಲಿ. ಆರು ವರ್ಷದ ಮಗು ‘ಬೇಡ’ ಎಂದಾಗ ನೀವು ಗಾಡಿ ತಿರುಗಿಸಿದಿರಿ. ಎಷ್ಟು ಅವಮಾನವಾಗಿದ್ದರೂ ಮಗಳ ಮಾತು ನಿಮ್ಮ ಕಿವಿಗೆ ಬಿತ್ತು. ಆ ವಿವೇಕವನ್ನೇ ನೆಚ್ಚಿಕೊಳ್ಳಿ.

ಇನ್ನು, ಒಂದೊಂದಾಗಿ ಮಾಡಬಹುದಾದ ಕೆಲವು ಕೆಲಸಗಳು.

1. ಈ ವರ್ಷದ ಅಡಿಕೆ ಕೊಯ್ಲು ಮುಗಿದು ಲೆಕ್ಕ ಕೈಗೆ ಬರುವವರೆಗೆ ಗಾಡಿ ಮಾರುವ ಮಾತು ಬೇಡ. ಅವಮಾನದಲ್ಲಿದ್ದಾಗ ಮಾಡುವ ವ್ಯಾಪಾರದಲ್ಲಿ ನಷ್ಟ ಖಂಡಿತ. ಅಷ್ಟರಲ್ಲಿ ಅಂಗಡಿಯ ಒಂದು ಹಳೆಯ ಪುಸ್ತಕದಲ್ಲಿ, ತಿಂಗಳೊಂದರಲ್ಲಿ ಗಾಡಿ ಎಲ್ಲಿಗೆಲ್ಲ ಹೋಯಿತು, ಯಾರು ಕೂತಿದ್ದರು ಎಂದು ಬರೆದಿಡಿ. ಆಸ್ಪತ್ರೆ, ಶಾಲೆ, ಅಡಿಕೆ ಮಂಡಿ, ಮದುವೆ ಎಷ್ಟು ಸಲ, ಕೆಸರಿನ ಗುಡ್ಡ ಎಷ್ಟು ಸಲ ಎಂಬುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಆ ಹಾಳೆ ನೋಡಿಯೇ ತೀರ್ಮಾನಿಸಿ.

2. ಗೆಳೆಯರನ್ನು ಮೆಚ್ಚಿಸಲು ಗಾಡಿಗೆ ವೇಷ ಹಾಕಬೇಡಿ. ಮುಂದೆ ಕಬ್ಬಿಣದ ಗಾರ್ಡು ಹಾಕಿಸುವುದನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಕಾನೂನುಬಾಹಿರ ಎಂದಿದೆ. ಡಿಕ್ಕಿಯಾದಾಗ ಏರ್‌ಬ್ಯಾಗ್ ಸರಿಯಾದ ಸಮಯಕ್ಕೆ ಬಿಚ್ಚಿಕೊಳ್ಳಲು ಅದು ಅಡ್ಡಿಯಾಗಬಹುದು, ಎದುರಿಗೆ ಸಿಕ್ಕ ಪಾದಚಾರಿಗೆ ಪೆಟ್ಟು ಜೋರಾಗುತ್ತದೆ. ಕಂಪನಿ ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಹೇಳಿದೆ. ಅಳತೆ ಮೀರಿದ ಟೈರು ಹಾಕಿಸುವ ಮುಂಚೆ ಇದು ಗಮನದಲ್ಲಿರಲಿ.

3. ಗ್ರೂಪಿನಲ್ಲಿ ಉತ್ತರ ಕೊಡಲು ಹೋಗಬೇಡಿ. ಅಲ್ಲಿ ಎಲ್ಲರೂ ಎಲ್ಲರಿಗೂ ಕೇಳುವಂತೆ ಮಾತಾಡುತ್ತಾರೆ. ಅಪ್ಪನ ಹೆಸರೆತ್ತಿದ ಗೆಳೆಯನೊಬ್ಬನನ್ನೇ ಟೀ ಕುಡಿಯಲು ಕರೆಯಿರಿ. ಎರಡೇ ಮಾತು ಸಾಕು: ‘ಗಾಡಿ ಬಗ್ಗೆ ಏನ್ ಬೇಕಾದ್ರೂ ಅನ್ನು ಮಾರಾಯ, ನಾನೂ ನಗ್ತೀನಿ. ಅಪ್ಪನ ಮಾತು ಎತ್ತಬೇಡ, ಅದು ನಂಗೆ ಇನ್ನೂ ನೋಯುತ್ತೆ. ಆ ವಿಡಿಯೋನೂ ತೆಗೆದುಬಿಡು.’ ಬಹಳಷ್ಟು ಜನಕ್ಕೆ ತಮ್ಮ ಮಾತು ಎಲ್ಲಿ ತಾಗಿತು ಎಂಬುದು ಹೇಳುವವರೆಗೂ ಗೊತ್ತಿರುವುದಿಲ್ಲ. ಗೊತ್ತಾದ ಮೇಲೂ ಅವನು ಮುಂದುವರಿಸಿದರೆ ಆ ಸ್ನೇಹ ಎಷ್ಟು ದೂರ ಎಂಬುದನ್ನು ನೀವು ನಿರ್ಧರಿಸಬಹುದು.

4. ಹೆಂಡತಿಯ ಜೊತೆ ಒಂದು ಸಂಜೆ ಕೂತು ಮಾತಾಡಿ. ಗಾಡಿ ಕೊಳ್ಳುವ ತೀರ್ಮಾನ ಇಬ್ಬರದೂ ಆಗಿತ್ತು, ಸಿಟ್ಟು ಮಾತ್ರ ಅವರೊಬ್ಬರ ಮೇಲೆ ಹೋಗುತ್ತಿದೆ. ‘ನಿನ್ನ ಮೇಲೆ ಕೋಪ ಅಲ್ಲ, ಅಪ್ಪನ ಜೀಪು ಇಲ್ಲ ಅಂತ ಬೇಜಾರು’ ಎಂದು ಬಾಯಿಬಿಟ್ಟು ಹೇಳಿ. ಅವರಿಗೂ ಮಾವನ ನೆನಪುಗಳಿರುತ್ತವೆ. ಅಮ್ಮನಿಗಂತೂ ಆ ಜೀಪಿನ ಬಗ್ಗೆ ನಿಮಗೆ ಗೊತ್ತಿಲ್ಲದ ಕಥೆಗಳೇ ಇರಬಹುದು; ಕೇಳಿ, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

5. ಜೀಪು ಕೊಂಡವರಿಗೆ ಒಮ್ಮೆ ಫೋನು ಮಾಡಿ. ಮೊದಲು ಆರ್‌ಸಿ ಅವರ ಹೆಸರಿಗೆ ವರ್ಗವಾಗಿದೆಯೇ ಕೇಳಿ. ಆಗದಿದ್ದರೆ ನಾಳೆ ಅಪಘಾತವಾದರೆ ದಾಖಲೆಯಲ್ಲಿರುವ ಹೆಸರಿನವರಿಗೇ ತೊಂದರೆ. ಮುಂದೆಂದಾದರೂ ಮಾರುವುದಿದ್ದರೆ ನನಗೆ ಮೊದಲು ತಿಳಿಸಿ ಎಂದೂ ಹೇಳಿಡಬಹುದು. ಸಾಲ ತೀರಿ, ಕೈ ಓಡಿದರೆ ಇನ್ನೊಂದು ಹಳೆಯ ಜೀಪು ತೋಟಕ್ಕೆಂದು ಬರಲಿ, ತಪ್ಪೇನಿಲ್ಲ. 15 ವರ್ಷ ದಾಟಿದ ಖಾಸಗಿ ಗಾಡಿಗೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಾಗುತ್ತದೆ, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಆದರೆ ಅದು ನಿಮ್ಮ ಆಸೆಗೆ ಬರಬೇಕು, ಯಾರೋ ನಕ್ಕರು ಎಂದಲ್ಲ.

ಇದನ್ನು ಓದುತ್ತಿರುವ ಇತರರಿಗೂ ಎರಡು ಮಾತು. ನಿಮ್ಮ ಗುಂಪಿನಲ್ಲೂ ಇತ್ತೀಚೆಗೆ ಗಾಡಿ ಬದಲಿಸಿದವರು, ಬೈಕು ಮಾರಿದವರು, ಆಟ ನಿಲ್ಲಿಸಿದವರು ಇರಬಹುದು. ಹಾಗೆ ಬದಲಾದದ್ದರ ಹಿಂದೆ ಆಸ್ಪತ್ರೆಯ ಚೀಟಿಯೋ, ಸಾಲದ ಕಂತೋ, ಯಾರದೋ ಮಂಡಿನೋವೋ ಇರುತ್ತದೆ. ತಮಾಷೆ ಮಾಡಿ, ಆದರೆ ಮುಖ ನೋಡಿಕೊಂಡು ಮಾಡಿ. ಹಗ್ಗ ಹಾಕಿ ಎಳೆದ ಕೈ ಫೋನು ಎತ್ತದಿದ್ದರೆ ಉಪಕಾರ ಪೂರ್ತಿಯಾಗುತ್ತದೆ.

ಪತ್ರ ಬರೆದ ನಿಮಗೆ ಇನ್ನೊಂದು ಮುಖ್ಯ ವಿಷಯ. ಅಪ್ಪ ಹೋದ ಮೇಲೆ ಇದೇ ಮೊದಲು ಹೀಗೆ ನಿದ್ದೆ ಕೆಟ್ಟಿದೆಯೇ, ಅಥವಾ ಆಗಿನಿಂದಲೂ ಆಗಾಗ ಹೀಗೇ ಇದೆಯೇ ಗಮನಿಸಿ. ಎರಡು ವಾರ ದಾಟಿಯೂ ನಿದ್ದೆ ಸರಿಯಾಗದಿದ್ದರೆ, ಊಟ ಸೇರದಿದ್ದರೆ, ಸಿಟ್ಟು ಕೈಮೀರುತ್ತಿದ್ದರೆ, ನಿದ್ದೆಗೆಂದು ಕುಡಿತದ ಮೊರೆ ಹೋಗುವಂತಾದರೆ ಒಬ್ಬರೇ ಹೆಣಗಾಡಬೇಡಿ. ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಅಮ್ಮನ ಮಂಡಿನೋವಿಗೆ ಡಾಕ್ಟರ ಬಳಿ ಹೋದ ಹಾಗೇ ಇದೂ. ಮತ್ತೆ ಹಳ್ಳದ ಅಂಚಿಗೆ ಹೋಗಬೇಕೆನ್ನಿಸಿದರೆ, ಬದುಕು ಸಾಕು ಎಂಬ ಯೋಚನೆ ಸುಳಿದರೆ ಎರಡು ವಾರ ಕಾಯಬೇಡಿ, ಆ ಕ್ಷಣವೇ ಮನೆಯವರಿಗೆ ಹೇಳಿ, ಕರೆ ಮಾಡಿ.

ಭಾನುವಾರದ ಸವಾರಿಯನ್ನು ಬಿಟ್ಟುಬಿಡಬೇಕೆಂದು ನಾನು ಹೇಳುವುದಿಲ್ಲ. ಮಳೆ ಕಡಿಮೆಯಾದ ಮೇಲೆ ಮುಂದಿನ ಸಲ ಕರೆದಾಗ ನಿಮ್ಮ ಗಾಡಿಯನ್ನು ಮನೆಯಲ್ಲೇ ಬಿಟ್ಟು ಗೆಳೆಯನ ಜೀಪಿನಲ್ಲಿ ಹೋಗಿ. ಕಷ್ಟದ ಏರು ಬಂದಾಗ ಇಳಿದು ಮುಂದೆ ನಿಂತು, ಚಕ್ರ ಎಲ್ಲಿಡಬೇಕೆಂದು ಕೈ ಸನ್ನೆ ಮಾಡಿ ದಾರಿ ತೋರಿಸುವವನು ಎಲ್ಲ ಗುಂಪಿಗೂ ಬೇಕು. ಅಪ್ಪನ ಜೀಪಿನಲ್ಲಿ ವರ್ಷಗಟ್ಟಲೆ ಓಡಾಡಿದ ನಿಮಗೆ ಆ ಕೆಲಸ ಚೆನ್ನಾಗಿ ಬರುತ್ತದೆ. ಜೀಪು ಇಲ್ಲದೆಯೂ ನಿಮಗೆ ಅಲ್ಲಿ ಜಾಗವಿದ್ದರೆ ಅದು ಸ್ನೇಹ, ಉಳಿಸಿಕೊಳ್ಳಿ. ಜೀಪಿದ್ದರೆ ಮಾತ್ರ ಜಾಗ ಎಂದಾದರೆ ಅದೂ ತಿಳಿಯಲಿ. ಆಮೇಲೆ ಯಾರನ್ನು ಮೆಚ್ಚಿಸಬೇಕು ಎಂಬ ಚಿಂತೆ ನಿಮಗೆ ಉಳಿಯುವುದಿಲ್ಲ.